ರಾತ್ರಿ ಬರೆದದ್ದು, ಸಂಜೆ ಆಡಿದ್ದು

1990ರಲ್ಲಿ ಅಮೆರಿಕದ ಇಬ್ಬರು ಕಾಮಿಕ್ಸ್ ಕಲಾವಿದರ ನಡುವೆ ಒಂದು ಪಂಥ ನಡೆಯಿತು. ಪಂಥ ಕಟ್ಟಿದವರು ಸ್ಕಾಟ್ ಮೆಕ್‌ಕ್ಲೌಡ್. ಎದುರಿಗಿದ್ದವರು ಸ್ಟೀವ್ ಬಿಸೆಟ್. ಕೈಯಲ್ಲಿ ಕಲೆ ಇದ್ದರೂ ಕೆಲಸ ಮುಗಿಸುವುದರಲ್ಲಿ ಬಲು ನಿಧಾನ ಎಂದು ಹೆಸರಾದವರು. 24 ಪುಟಗಳ ಕಾಮಿಕ್ಸ್ ಒಂದನ್ನು 24 ಗಂಟೆಗಳಲ್ಲಿ ಶುರು ಮಾಡಿ ಮುಗಿಸಬೇಕು. ಮೊದಲೇ ಕಥೆ ಹೊಸೆದಿಟ್ಟುಕೊಳ್ಳಬಾರದು, ಚಿತ್ರ ಗೀಚಿಟ್ಟುಕೊಳ್ಳಬಾರದು. ಇಬ್ಬರೂ ಮುಗಿಸಿದರು. ಸುದ್ದಿ ಹರಡಿ ಬೇರೆ ಕಲಾವಿದರೂ ಕೈಹಾಕಿದರು. ನೀಲ್ ಗೇಮನ್ ಅವರಿಗೆ ಅಷ್ಟು ಹೊತ್ತಿನಲ್ಲಿ 24 ಪುಟ ಆಗಲಿಲ್ಲ; ಗಡುವು ಮುಗಿದಲ್ಲಿಗೇ ಕಥೆಯನ್ನೂ ಮುಗಿಸಿಬಿಟ್ಟರು. ಕೆವಿನ್ ಈಸ್ಟ್‌ಮನ್ ಅವರಿಗೂ ಆಗಲಿಲ್ಲ; ಅವರು ಗಡುವು ದಾಟಿದ ಮೇಲೂ ಬಿಡಿಸುತ್ತಲೇ ಹೋಗಿ ಪುಟ ತುಂಬಿಸಿದರು. ಎರಡನ್ನೂ ಮರ್ಯಾದೆಯ ಸೋಲುಗಳೆಂದು ಒಪ್ಪಿಕೊಂಡ ಮೆಕ್‌ಕ್ಲೌಡ್, ಇದು ಗೇಮನ್ ಬಗೆ, ಅದು ಈಸ್ಟ್‌ಮನ್ ಬಗೆ ಎಂದು ಅವರವರ ಹೆಸರನ್ನೇ ಇಟ್ಟರು.

ಈ ಪಂಥವನ್ನು ರಂಗಭೂಮಿಗೆ ತಂದವರು ಟೀನಾ ಫ್ಯಾಲನ್. 1995ರಲ್ಲಿ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ, ಚಿಕ್ಕ ಚಿಕ್ಕ ರಂಗಮಂದಿರಗಳಲ್ಲಿ ಪ್ರಯೋಗಗಳು ನಡೆಯುತ್ತಿದ್ದ ಕಾಲದಲ್ಲಿ, ಕಾಮಿಕ್ಸಿನವರು ಮಾಡಬಹುದಾದರೆ ನಾಟಕದವರು ಯಾಕೆ ಮಾಡಬಾರದು ಎಂದು ಅವರಿಗೆ ಅನ್ನಿಸಿತು. ‘ದಿ 24 ಅವರ್ ಪ್ಲೇಸ್’ ಹುಟ್ಟಿದ್ದು ಹಾಗೆ. ರಾತ್ರಿ ಬರೆದು, ಹಗಲು ತಾಲೀಮು ಮಾಡಿ, ಸಂಜೆ ಆಡುವುದು. ಮಾರನೆಯ ದಿನಕ್ಕೆ ಏನೂ ಉಳಿಯುವುದಿಲ್ಲ.

ಕಾಮಿಕ್ಸಿಗೂ ನಾಟಕಕ್ಕೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಚಿತ್ರ ಬಿಡಿಸುವವನಿಗೆ ಗೇಮನ್ ದಾರಿಯೂ ಇದೆ, ಈಸ್ಟ್‌ಮನ್ ದಾರಿಯೂ ಇದೆ. ನಾಟಕದವರಿಗೆ ಎರಡೂ ಇಲ್ಲ. ಎಂಟು ಗಂಟೆಗೆ ಜನ ಬಂದು ಕುಳಿತಿರುತ್ತಾರೆ. ಮೂರನೇ ಬೆಲ್ ಆದ ಮೇಲೆ ನಾಟಕ ಅರ್ಧವಾಗಿದೆ ಎನ್ನಲಾಗದು, ಇನ್ನೊಂದು ಗಂಟೆ ಕೊಡಿ ಎಂದು ಕೇಳಲೂ ಆಗದು. ಬರೆಯುವವರು ಒಬ್ಬರು, ಆಡಿಸುವವರು ಇನ್ನೊಬ್ಬರು, ಆಡುವವರು ಮತ್ತೆ ಮೂರು ನಾಲ್ಕು ಜನ. ಒಬ್ಬರು ಸೋತರೆ ಸೋಲು ಎಲ್ಲರದೂ. ಹಾಗಿದ್ದೂ ಈ ಪದ್ಧತಿ ಇಷ್ಟು ವರ್ಷ ಬಾಳಿದೆ, ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗಿದೆ, ಕಾಲೇಜುಗಳಿಗೆ ಇಳಿದಿದೆ. ಯಾಕೆ ಎಂದು ತಿಳಿಯಬೇಕಾದರೆ ಆ ಒಂದು ದಿನ ಹೇಗೆ ಸಾಗುತ್ತದೆ ಎಂಬುದನ್ನು ಗಂಟೆ ಗಂಟೆಯಾಗಿ ನೋಡಬೇಕು.

ರಾತ್ರಿ ಹತ್ತರ ಹೊತ್ತಿಗೆ ಎಲ್ಲರೂ ಸೇರುತ್ತಾರೆ. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಯಲ್ಲಿ ನಡೆಯುವ ಪ್ರಯೋಗದಲ್ಲಿ ಸಾಮಾನ್ಯವಾಗಿ ಆರು ಜನ ನಾಟಕಕಾರರು, ಆರು ಜನ ನಿರ್ದೇಶಕರು, ಎರಡು ಡಜನ್‌ನಷ್ಟು ನಟ ನಟಿಯರು. ಬರುವಾಗ ಪ್ರತಿಯೊಬ್ಬರೂ ಒಂದು ರಂಗಪರಿಕರ, ಒಂದು ಉಡುಪು ತರಬೇಕು. ವೃತ್ತವಾಗಿ ಕೂತು ಒಬ್ಬೊಬ್ಬರೇ ಪರಿಚಯ ಹೇಳಿಕೊಳ್ಳುತ್ತಾರೆ. ತಂದ ವಸ್ತುವನ್ನು ತೋರಿಸುತ್ತಾರೆ. ತಮಗೆ ಗೊತ್ತಿರುವ ವಿಶೇಷ ವಿದ್ಯೆ ಏನಾದರೂ ಇದ್ದರೆ ಹೇಳುತ್ತಾರೆ: ಹಾಡು, ವಾದ್ಯ, ಬೇರೊಂದು ಭಾಷೆ, ಕೈಚಳಕ. ಆಮೇಲೆ ಒಂದು ಮುಖ್ಯ ಪ್ರಶ್ನೆ: ರಂಗದ ಮೇಲೆ ಮಾಡಬೇಕೆಂದು ಬಹಳ ದಿನದಿಂದ ಆಸೆಪಟ್ಟು ಇನ್ನೂ ಮಾಡಲಾಗದೆ ಉಳಿದಿರುವುದು ಏನು? ನಟರ ಫೋಟೊ ತೆಗೆಯುತ್ತಾರೆ. ಮೊದಲಿಂದಲೂ ಇದಕ್ಕೆ ಪೋಲರಾಯ್ಡ್ ಕ್ಯಾಮೆರಾ ಬಳಸಿದ್ದು, ಪಟ ಕೂಡಲೇ ಕೈಗೆ ಸಿಗುತ್ತದೆಂದು. ಇಷ್ಟಾದ ಮೇಲೆ ನಟರು, ನಿರ್ದೇಶಕರು ಮಲಗಲು ಮನೆಗೆ ಹೋಗುತ್ತಾರೆ. ನಾಟಕಕಾರರು ಉಳಿಯುತ್ತಾರೆ.

ಉಳಿದವರು ಆ ಫೋಟೊಗಳನ್ನು ಹರಡಿಕೊಂಡು ಸರದಿಯ ಮೇಲೆ ತಮಗೆ ಬೇಕಾದ ನಟರನ್ನು ಆರಿಸಿಕೊಳ್ಳುತ್ತಾರೆ. ಇಡೀ ಪದ್ಧತಿಯ ಜೀವ ಇರುವುದು ಇಲ್ಲಿ ಎಂದು ನನಗೆ ಅನ್ನಿಸುತ್ತದೆ. ನಾವು ನಾಟಕ ಕಟ್ಟುವ ಕ್ರಮವನ್ನು ನೆನಪಿಸಿಕೊಳ್ಳಿ. ಮೊದಲು ಕೃತಿ ಸಿದ್ಧವಿರುತ್ತದೆ. ಆಮೇಲೆ ಅದರೊಳಗಿನ ರಾಜನಿಗೆ, ವಿಧವೆಗೆ, ಗುಮಾಸ್ತನಿಗೆ ತಕ್ಕ ಆಳನ್ನು ಹುಡುಕುತ್ತೇವೆ. ಎತ್ತರ ಸಾಲದು, ಕಂಠ ಸಾಲದು, ವಯಸ್ಸು ಹೆಚ್ಚಾಯಿತು ಎಂದು ಅಳೆಯುತ್ತೇವೆ. ಇಲ್ಲಿ ಕ್ರಮ ತಿರುಗುಮುರುಗು. ಮೊದಲು ಮನುಷ್ಯರು ಇದ್ದಾರೆ. ಪಾತ್ರ ಇನ್ನೂ ಹುಟ್ಟಿಲ್ಲ. ಒಬ್ಬಾಕೆ ತನ್ನ ಅಜ್ಜನ ಕೋಟು ತಂದಿದ್ದಾಳೆ, ಇನ್ನೊಬ್ಬ ಎಷ್ಟೋ ನಾಟಕಗಳಲ್ಲಿ ಬರೀ ತಮಾಷೆಯ ಪಾತ್ರ ಮಾಡಿ ಬೇಸತ್ತು, ಒಮ್ಮೆಯಾದರೂ ರಂಗದ ಮೇಲೆ ಮಾತಿಲ್ಲದೆ ನಿಲ್ಲಬೇಕು ಎಂದಿದ್ದಾನೆ ಎಂದುಕೊಳ್ಳಿ. ನಾಟಕಕಾರನ ಕೈಯಲ್ಲಿ ಇರುವುದು ಆ ಕೋಟು, ಆ ಆಸೆ, ಎರಡು ಮುಖ. ಅವನು ಪಾತ್ರವನ್ನು ಕಲ್ಪಿಸುವುದಲ್ಲ, ಕಣ್ಣೆದುರು ಕೂತು ಹೋದವರಿಗೆ ಮಾತು ಹೊಂದಿಸುವುದು. ಅಳತೆ ತೆಗೆದು ಅಂಗಿ ಹೊಲಿದ ಹಾಗೆ.

ನಡುರಾತ್ರಿಯಿಂದ ಬೆಳಗಿನ ಆರು ಏಳು ಗಂಟೆಯವರೆಗೆ ಬರೆಯುವ ಸಮಯ. ಒಂದೊಂದು ನಾಟಕ ಹತ್ತು ನಿಮಿಷದ್ದು. ಟೈಪು ಮಾಡಿದ ಒಂದು ಪುಟಕ್ಕೆ ಒಂದು ನಿಮಿಷ ಎಂಬುದು ರಂಗಭೂಮಿಯ ಒಂದು ಲೆಕ್ಕ. ಹತ್ತು ಪುಟವೇ ತಾನೆ ಎನ್ನಿಸಬಹುದು. ಆದರೆ ಹತ್ತು ನಿಮಿಷದ ನಾಟಕ ದೊಡ್ಡ ನಾಟಕದ ತುಂಡಲ್ಲ, ಪ್ರಹಸನವೂ ಅಲ್ಲ. ಅದಕ್ಕೆ ತನ್ನದೇ ಕಟ್ಟು ಇದೆ. ಅಮೆರಿಕದಲ್ಲಿ ಈ ಪ್ರಕಾರವನ್ನು ಬೆಳೆಸಿದ್ದು ಬಹುಮಟ್ಟಿಗೆ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಆಕ್ಟರ್ಸ್ ಥಿಯೇಟರ್. ಅಲ್ಲಿನ ಹೊಸ ನಾಟಕಗಳ ಉತ್ಸವ 1976ರಲ್ಲಿ ಶುರುವಾಗಿ, ಹತ್ತು ನಿಮಿಷದ ನಾಟಕಗಳಿಗೆ ಒಂದು ಮರ್ಯಾದೆ ತಂದುಕೊಟ್ಟಿತು. ಹತ್ತು ನಿಮಿಷದಲ್ಲಿ ಪೂರ್ವಕಥೆ ಹೇಳುತ್ತ ಕೂರಲಾಗದು. ಪರದೆ ಸರಿದಾಗ ಜಗಳ ಆಗಲೇ ಶುರುವಾಗಿರಬೇಕು. ಒಂದು ಜಾಗ, ಎರಡು ಮೂರು ಜನ, ಒಬ್ಬರಿಗೆ ಬೇಕಾದ್ದನ್ನು ಇನ್ನೊಬ್ಬರು ಕೊಡಲೊಲ್ಲರು. ಇಷ್ಟು ಸಿಕ್ಕಿದರೆ ನಾಟಕ ಸಿಕ್ಕಿತು. ನಡುರಾತ್ರಿ ಎರಡು ಗಂಟೆಗೆ ಅದು ಸಿಗದಿದ್ದರೆ ಬರೆಯುವವರ ಪಾಡು ಕಷ್ಟ, ಏಕೆಂದರೆ ಬೆಳಗಾಗುವುದು ನಿಲ್ಲುವುದಿಲ್ಲ.

ವೇಗವಾಗಿ ಬರೆದದ್ದು ಕಳಪೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದನ್ನು ಪೂರ್ತಿ ತಳ್ಳಿಹಾಕಲಾರೆ, ಆದರೆ ರಂಗಭೂಮಿಯ ಚರಿತ್ರೆ ಬೇರೆ ಸಾಕ್ಷಿಗಳನ್ನೂ ಇಟ್ಟುಕೊಂಡಿದೆ. ಇಂಗ್ಲೆಂಡಿನ ನೋಯೆಲ್ ಕವರ್ಡ್ 1941ರಲ್ಲಿ ‘ಬ್ಲೈದ್ ಸ್ಪಿರಿಟ್’ ಬರೆದದ್ದು ಒಂದು ವಾರದೊಳಗೆ. ಅದು ಲಂಡನ್ನಿನಲ್ಲಿ ವರ್ಷಗಟ್ಟಲೆ ಓಡಿತು. ನಮ್ಮ ಕೈಲಾಸಂ ಅವರ ಮಾತು ಇನ್ನೂ ಹತ್ತಿರದ್ದು. ನಾಟಕಗಳನ್ನು ತಲೆಯಲ್ಲೇ ಇಟ್ಟುಕೊಂಡು, ಪಾತ್ರ ಪಾತ್ರದ ದನಿಯಲ್ಲಿ ಆಡಿ ತೋರಿಸುತ್ತ, ಹೇಳಿ ಬರೆಸುತ್ತಿದ್ದವರು ಅವರು. ಅವರಿಗೆ ನಾಟಕ ಎಂದರೆ ಕಾಗದದ ಮೇಲಿನ ವಸ್ತು ಆಗಿರಲೇ ಇಲ್ಲ. ಎದುರಿಗೆ ಕೇಳುವ ಜನ ಇದ್ದಾಗ ಬಾಯಿಂದ ಹೊರಡುವ ಮಾತಾಗಿತ್ತು. ಹಾಗೆಂದು ಕೈಲಾಸಂ ಆ ಕ್ಷಣದಲ್ಲೇ ಎಲ್ಲವನ್ನೂ ಹುಟ್ಟಿಸುತ್ತಿದ್ದರು ಎಂದಲ್ಲ. ಒಳಗೆ ಬಹಳ ಕಾಲ ಕುದಿದದ್ದು ಹೊರಗೆ ಬರುವಾಗ ವೇಗ ಪಡೆಯುತ್ತದೆ. ಒಂದು ರಾತ್ರಿಯ ನಾಟಕದಲ್ಲೂ ಆಗುವುದು ಇದೇ. ಬರೆಯುವವರು ಖಾಲಿ ಕೈಯಲ್ಲಿ ಬಂದಂತೆ ಕಂಡರೂ ಅವರ ಜೊತೆ ಅವರು ಕಂಡ ಬದುಕು ಬಂದಿರುತ್ತದೆ. ರಾತ್ರಿ ಮಾಡುವ ಕೆಲಸ ಏನೆಂದರೆ, ಅದು ಹೊರಗೆ ಬರದಂತೆ ತಡೆಯುತ್ತಿದ್ದ ಅಳುಕನ್ನು ಕಿತ್ತುಹಾಕುವುದು. ತಿದ್ದುವುದಕ್ಕೆ ಸಮಯವಿಲ್ಲದಾಗ ಹೆದರುವುದಕ್ಕೂ ಸಮಯ ಇರುವುದಿಲ್ಲ.

ಈ ವೇಗವನ್ನು ಬೇರೆ ರೀತಿಯಲ್ಲಿ ನಂಬಿದವರೂ ಇದ್ದಾರೆ. ಅಮೆರಿಕದ ನಾಟಕಕಾರ್ತಿ ಸೂಜನ್ ಲೋರಿ ಪಾರ್ಕ್ಸ್ 2002ರ ನವೆಂಬರಿನಲ್ಲಿ ದಿನಕ್ಕೊಂದು ನಾಟಕ ಬರೆಯುತ್ತೇನೆಂದು ಹೊರಟರು, ಒಂದು ವರ್ಷ ಬರೆದರು. 2006-07ರಲ್ಲಿ ಅಮೆರಿಕದ ನೂರಾರು ರಂಗತಂಡಗಳು ಅವನ್ನು ಹಂಚಿಕೊಂಡು ಆಡಿದವು. ಷಿಕಾಗೋದ ನಿಯೋ ಫ್ಯೂಚರಿಸ್ಟ್ಸ್ ತಂಡ 1988ರ ಡಿಸೆಂಬರಿನಿಂದ ಅರವತ್ತು ನಿಮಿಷದಲ್ಲಿ ಮೂವತ್ತು ನಾಟಕ ಆಡುವ ಪ್ರಯೋಗ ನಡೆಸಿತು. ಸಂಖ್ಯೆ ಬರೆದ ಹಾಳೆಗಳು ಹಗ್ಗದ ಮೇಲೆ ತೂಗುತ್ತಿದ್ದವು, ಪ್ರೇಕ್ಷಕರು ಕೂಗಿದ ಸಂಖ್ಯೆಯ ನಾಟಕ ಮುಂದಿನದಾಗುತ್ತಿತ್ತು. ಮುಂದಿನ ವಾರಕ್ಕೆ ಎಷ್ಟು ಹೊಸ ನಾಟಕ ಬರೆಯಬೇಕು ಎಂಬುದನ್ನು ದಾಳ ಉರುಳಿಸಿ ತೀರ್ಮಾನಿಸುತ್ತಿದ್ದರು.

ಮತ್ತೆ ಆ ಬೆಳಗಿಗೆ ಬರೋಣ. ಏಳು ಗಂಟೆಯ ಆಸುಪಾಸಿನಲ್ಲಿ ನಾಟಕಗಳು ಕೈಸೇರುತ್ತವೆ, ಪ್ರತಿಗಳಾಗುತ್ತವೆ. ನಾಟಕಕಾರರು ಮಲಗಲು ಹೋಗುತ್ತಾರೆ. ನಿರ್ದೇಶಕರು ಬಂದು ಎಲ್ಲವನ್ನೂ ಓದಿ, ಯಾವುದು ಯಾರ ಪಾಲಿಗೆ ಎಂದು ನಿಶ್ಚಯವಾಗುತ್ತದೆ. ನಟರು ಬರುವ ಹೊತ್ತಿಗೆ ಅವರ ಹೆಸರಿನಲ್ಲಿ ಒಂದು ಪಾತ್ರ ಕಾಯುತ್ತಿರುತ್ತದೆ. ನಿನ್ನೆ ರಾತ್ರಿ ತೋರಿಸಿದ ತನ್ನ ವಸ್ತು ಆ ಹಾಳೆಗಳಲ್ಲಿ ಕಂಡರೆ ನಟನಿಗೆ ಒಂದು ಬಗೆಯ ಧೈರ್ಯ ಬರುತ್ತದೆ: ಇದು ನನಗಾಗಿಯೇ ಬರೆದದ್ದು. ವೃತ್ತಿಜೀವನವಿಡೀ ಬೇರೆ ಯಾರಿಗೋ ಬರೆದ ಪಾತ್ರ ಹಾಕಿದ ಎಷ್ಟೋ ನಟರಿಗೆ ಇದು ದೊರೆಯದ ಭಾಗ್ಯ.

ಆಮೇಲೆ ಹಗಲಿಡೀ ತಾಲೀಮು. ಮೂರು ತಿಂಗಳು ತಾಲೀಮು ಮಾಡುವಾಗ ನಿರ್ದೇಶಕ ಅನೇಕ ದಾರಿಗಳನ್ನು ತುಳಿದು ನೋಡಬಹುದು. ಇಲ್ಲಿ ಮೊದಲು ಹೊಳೆದ ದಾರಿಯೇ ದಾರಿ. ಕೂತು ಒಮ್ಮೆ ಓದುವುದು, ಎದ್ದು ನಿಂತು ಯಾರು ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಎಂಬ ಬ್ಲಾಕಿಂಗ್ ಮಾಡುವುದು, ಮಾತು ಬಾಯಿಪಾಠ ಮಾಡುವುದು ಎಲ್ಲ ಒಟ್ಟೊಟ್ಟಿಗೆ ನಡೆಯುತ್ತದೆ. ಮಧ್ಯಾಹ್ನದ ನಂತರ ಎಲ್ಲ ನಾಟಕಗಳಿಗೂ ಒಂದೇ ರಂಗದ ಮೇಲೆ ಬೆಳಕು, ಧ್ವನಿ ಹೊಂದಿಸಿಕೊಳ್ಳಲು ಪಾಳಿ. ಒಂದೊಂದಕ್ಕೆ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಹಾಗಾಗಿ ರಂಗಸಜ್ಜಿಕೆ ಎಂದರೆ ನಾಲ್ಕು ಕುರ್ಚಿ, ಒಂದು ಮೇಜು, ಬೇಕಾದರೆ ಒಂದು ಬಾಗಿಲು. ಬ್ರಾಡ್‌ವೇ ಪ್ರಯೋಗಗಳು ಹೆಚ್ಚಾಗಿ ಸೋಮವಾರ ನಡೆಯುತ್ತವೆ. ವಾರವಿಡೀ ಶೋ ಮಾಡುವ ರಂಗಮಂದಿರಗಳಿಗೆ ಅದು ರಜೆಯ ದಿನ, ಮಂದಿರವೂ ಖಾಲಿ, ನಟರಿಗೂ ಬಿಡುವು. 42ನೇ ಬೀದಿಯ ಅಮೆರಿಕನ್ ಏರ್‌ಲೈನ್ಸ್ ಥಿಯೇಟರಿನಲ್ಲಿ ಈ ಸಂಜೆಗಳು ಬಹಳ ವರ್ಷ ನಡೆದವು. ಆ ಮಂದಿರಕ್ಕೆ ಈಗ ಟಾಡ್ ಹೈಮ್ಸ್ ಅವರ ಹೆಸರಿದೆ.

ಈ ಇಡೀ ಹಗಲಿನಲ್ಲಿ ನಟರ ನೆನಪಿನ ಶಕ್ತಿಯ ಮೇಲೆ ಬೀಳುವ ಭಾರ ಸಣ್ಣದಲ್ಲ. ಹತ್ತು ಪುಟದ ಮಾತನ್ನು ಒಂದು ಹಗಲಲ್ಲಿ ಕಲಿತು ರಾತ್ರಿ ತಪ್ಪಿಲ್ಲದೆ ಆಡುವುದು ಅನುಭವಿಗಳಿಗೂ ಬೆವರಿಳಿಸುವ ಕೆಲಸ. ನಮ್ಮ ಕಂಪನಿ ನಾಟಕಗಳ ಕಾಲದಲ್ಲಿ ವಿಂಗ್ಸಿನಲ್ಲಿ ನಿಂತ ಪ್ರಾಂಪ್ಟರು ಕೈಹಿಡಿಯುತ್ತಿದ್ದ. ಇಂಥ ಸಂಜೆಯಲ್ಲಿ ಕೈಹಿಡಿಯುವವರು ಎದುರಿನ ನಟರು. ಮಾತು ತಪ್ಪಿದಾಗ ಇನ್ನೊಬ್ಬ ಅದನ್ನು ಎತ್ತಿಕೊಂಡು ಮುಂದೆ ಸಾಗಿಸಬೇಕು, ಹಾಗೆ ಮಾಡಬೇಕಾದರೆ ಅವನು ನಿಜವಾಗಿ ಕೇಳುತ್ತಿರಬೇಕು. ಐವತ್ತನೇ ಪ್ರಯೋಗದ ನಾಟಕದಲ್ಲಿ ನಟರು ಒಬ್ಬರನ್ನೊಬ್ಬರು ಕೇಳುವುದನ್ನು ನಿಲ್ಲಿಸಿಬಿಡುವ ಅಪಾಯ ಇದೆ; ತಮ್ಮ ಸರದಿ ಬಂದಾಗ ಮಾತು ತಾನಾಗಿ ಬರುತ್ತದೆ. ಮೊದಲ ಪ್ರಯೋಗವೇ ಕೊನೆಯ ಪ್ರಯೋಗವಾದಾಗ ಆ ಅಪಾಯ ಇಲ್ಲ.

ಪ್ರೇಕ್ಷಕರೂ ಅಂಥದೇ ಎಚ್ಚರದಲ್ಲಿ ಇರುತ್ತಾರೆ. ನಿನ್ನೆ ಈ ಹೊತ್ತಿಗೆ ಈ ನಾಟಕ ಇರಲಿಲ್ಲ ಎಂಬುದು ಅವರಿಗೆ ಗೊತ್ತು. ಒಂದು ಮಾತು ನೆಲೆಗೆ ಹತ್ತಿದಾಗ ಅವರು ಕೊಡುವ ಚಪ್ಪಾಳೆ ಪಾತ್ರಕ್ಕೂ ಹೌದು, ಇಡೀ ರಾತ್ರಿ ನಿದ್ದೆ ಬಿಟ್ಟವರಿಗೂ ಹೌದು. ಈ ಔದಾರ್ಯದಲ್ಲೇ ಒಂದು ತೊಡಕಿದೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಜನ ಕ್ಷಮಿಸಲು ಸಿದ್ಧರಾಗಿ ಬಂದಾಗ ಬರೆಯುವವರು ನಗೆಯ ಕಡೆಗೆ ವಾಲುತ್ತಾರೆ. ನಗೆ ಬೇಗ ಸಿಗುತ್ತದೆ, ಬೇಗ ತೀರುತ್ತದೆ. ಹಿಂದಿನ ರಾತ್ರಿ ತಂದ ವಿಚಿತ್ರ ವಸ್ತುವನ್ನು ಹೇಗಾದರೂ ತುರುಕುವ ಚಪಲ, ಕೊನೆಯ ನಿಮಿಷದಲ್ಲಿ ಒಂದು ತಿರುವು ಕೊಟ್ಟು ದೀಪ ಆರಿಸುವ ಚಪಲ, ಇವೂ ಇರುತ್ತವೆ. ಹೆಸರಾಂತ ಸಿನಿಮಾ ತಾರೆಯರು ಭಾಗವಹಿಸುವ ಸಂಜೆಗಳಲ್ಲಿ ನಾಟಕಕ್ಕಿಂತ ತಾರೆಯ ಪೇಚಾಟವೇ ನೋಟವಾಗಿಬಿಡಬಹುದು. ಆರು ನಾಟಕಗಳಲ್ಲಿ ಎರಡು ನಿಜವಾದ ನಾಟಕಗಳಾದರೆ ಆ ಸಂಜೆ ಗೆದ್ದಿತು ಎಂದೇ ನಾನು ಭಾವಿಸುತ್ತೇನೆ. ತಿಂಗಳುಗಟ್ಟಲೆ ಸಿದ್ಧವಾಗುವ ನಾಟಕಗಳಲ್ಲಿ ಅಷ್ಟು ಪ್ರಮಾಣ ನಮಗೆ ದಕ್ಕುತ್ತಿದೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ತಾರೆಯರು ಬಂದದ್ದಕ್ಕೆ ಕಾರಣವೂ ಇದೆ. ಈ ಸಂಜೆಗಳು ಬಹುಬೇಗ ಸಹಾಯಾರ್ಥ ಪ್ರದರ್ಶನಗಳಾದವು. 2001ರಿಂದ ಮುಂದೆ ನ್ಯೂಯಾರ್ಕಿನಲ್ಲಿ ಟಿಕೆಟ್ ಹಣ ಶಾಲಾ ಮಕ್ಕಳಿಗೆ ಕಲೆ ಕಲಿಸುವ ಸಂಸ್ಥೆಗಳಂಥವಕ್ಕೆ ಹೋಯಿತು. ಲಂಡನ್ನಿನಲ್ಲಿ 1818ರಷ್ಟು ಹಳೆಯದಾದ ಓಲ್ಡ್ ವಿಕ್ ರಂಗಮಂದಿರ 2004ರಿಂದ ಇದನ್ನು ತನ್ನ ವಾರ್ಷಿಕ ಸಂಜೆಯಾಗಿ ನಡೆಸಿ, ಬಂದ ಹಣವನ್ನು ಹೊಸ ಪ್ರತಿಭೆಗಳನ್ನು ಬೆಳೆಸುವ ಯೋಜನೆಗೆ ಬಳಸಿತು. ಒಂದು ನಾಟಕಕ್ಕೆ ಮೂರು ತಿಂಗಳು ಕೊಡಲಾಗದ ನಟರು ಒಂದು ದಿನ ಕೊಡಬಲ್ಲರು.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ರಂಗಮಂದಿರಗಳಿಗೆ ಬೀಗ ಬಿದ್ದಾಗ ಈ ಪದ್ಧತಿಯ ನಿಜವಾದ ಬಲ ಕಂಡಿತು. ಬ್ರಾಡ್‌ವೇ ಮುಚ್ಚಿದ್ದು ಮಾರ್ಚ್ 12ರಂದು. ವಾರ ಕಳೆಯುವುದರೊಳಗೆ, ಮಾರ್ಚ್ 17ಕ್ಕೆ, ‘ವೈರಲ್ ಮೊನೊಲಾಗ್ಸ್’ ಎಂಬ ಹೆಸರಿನಲ್ಲಿ ಒಬ್ಬೊಬ್ಬರೇ ಆಡುವ ಕಿರುನಾಟಕಗಳು ಇನ್‌ಸ್ಟಾಗ್ರಾಮಿನಲ್ಲಿ ಬರತೊಡಗಿದವು. ನಟರು ತಮ್ಮ ಮನೆಯಿಂದಲೇ ತಮ್ಮ ವಸ್ತುಗಳನ್ನು ವಿಡಿಯೊದಲ್ಲಿ ತೋರಿಸಿದರು. ನಾಟಕಕಾರರು ರಾತ್ರಿ ಬರೆದು ಕಳಿಸಿದರು, ನಟರು ಮರುದಿನ ಅಡುಗೆಮನೆ, ಬಚ್ಚಲುಮನೆ ಎಂದು ಸಿಕ್ಕ ಜಾಗದಲ್ಲಿ ನಿಂತು ಆಡಿ ಚಿತ್ರಿಸಿದರು, ಸಂಜೆ ಆರರಿಂದ ಹದಿನೈದು ನಿಮಿಷಕ್ಕೊಂದರಂತೆ ಬಿಡುಗಡೆ. ವಾರ ವಾರವೂ ಮುಂದುವರಿಯಿತು. ಜಗತ್ತಿನ ದೊಡ್ಡ ದೊಡ್ಡ ರಂಗಸಂಸ್ಥೆಗಳು ಮುಂದೇನು ಎಂದು ಯೋಚಿಸುತ್ತಿದ್ದಾಗ ಇವರು ಆಗಲೇ ಆಡುತ್ತಿದ್ದರು. ಇಪ್ಪತ್ತೈದು ವರ್ಷ ರಾತ್ರೋರಾತ್ರಿ ನಾಟಕ ಕಟ್ಟಿದ ರೂಢಿ ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಕಾಲಕ್ಕೆ ತಕ್ಷಣ ಉತ್ತರ ಕೊಡುವ ಈ ಗುಣ ಭಾರತದ ಬೀದಿನಾಟಕಕ್ಕೆ ಹೊಸದಲ್ಲ. 1979ರಲ್ಲಿ ದೆಹಲಿಯ ಬಸ್ ದರ ಏರಿದಾಗ ಸಫ್ದರ್ ಹಾಶ್ಮಿ ಅವರಿದ್ದ ಜನ ನಾಟ್ಯ ಮಂಚ್ ಕೆಲವೇ ಗಂಟೆಗಳಲ್ಲಿ ‘ಡಿಟಿಸಿ ಕೀ ಧಾಂಧಲಿ’ ಎಂಬ ನಾಟಕ ಕಟ್ಟಿಕೊಂಡು ಬೀದಿಗಿಳಿಯಿತು. ಹೊಸ ದರದ ಬಿಸಿ ಆರುವ ಮುನ್ನ ಆಡಿದರೆ ಮಾತ್ರ ಆ ನಾಟಕಕ್ಕೆ ಅರ್ಥ. ನಮ್ಮಲ್ಲಿ 1975ರಲ್ಲಿ ಹುಟ್ಟಿದ ಸಮುದಾಯ ತಂಡವೂ ಹಾಗೆಯೇ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಸುಟ್ಟುಹಾಕಿದ ಘಟನೆಯನ್ನು ಸಿ.ಜಿ. ಕೃಷ್ಣಸ್ವಾಮಿ ‘ಬೆಲ್ಚಿ’ಯಾಗಿ ಕರ್ನಾಟಕದ ಬೀದಿಗಳಿಗೆ ತಂದರು. ನ್ಯೂಯಾರ್ಕಿನವರದು ಪಂಥ, ಇವರದು ಸಿಟ್ಟು. ಆದರೆ ಕೈಕೆಲಸ ಒಂದೇ: ಇರುವ ಜನ, ಇರುವ ವಸ್ತು, ಇರುವ ಹೊತ್ತು.

ಇನ್ನು ತಾಳಮದ್ದಳೆ. ಕರಾವಳಿ, ಮಲೆನಾಡಿನ ಓದುಗರು ಇಷ್ಟು ಹೊತ್ತಿಗೆ ಅದನ್ನು ನೆನೆದಿರುತ್ತಾರೆ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅಲ್ಲೇ ಮಾತು ಕಟ್ಟುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ, ವೇಷವಿಲ್ಲ, ತಾಲೀಮು ಇಲ್ಲ. ಎದುರಾಳಿ ಯಾರೆಂದು ತಿಳಿಯುವುದು ಒಮ್ಮೊಮ್ಮೆ ಕೂಟಕ್ಕೆ ಬಂದ ಮೇಲೆಯೇ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು, ಮಲ್ಪೆ ಶಂಕರನಾರಾಯಣ ಸಾಮಗರು ಇಂಥ ಮಾತಿನಲ್ಲೇ ದೊಡ್ಡವರಾದವರು. ವಾಲಿಯೋ ಕೌರವನೋ ಒಂದು ರಾತ್ರಿ ಆಡಿದ ಮಾತು ಇನ್ನೊಂದು ರಾತ್ರಿ ಬರುವುದಿಲ್ಲ. ಹಾಗಾದರೆ 24 ಗಂಟೆ ಎಂದರೆ ನಮಗೆ ಧಾರಾಳವಾಯಿತಲ್ಲ ಎನ್ನಬಹುದು. ಎರಡೂ ಒಂದೇ ಅಲ್ಲ ಎಂದು ನನ್ನ ಅಭಿಪ್ರಾಯ. ತಾಳಮದ್ದಳೆಯಲ್ಲಿ ಕಥೆ ಎಲ್ಲರಿಗೂ ಗೊತ್ತು, ಹೊಸದು ಮಾತು. ಅರ್ಥಧಾರಿಯ ಬೆನ್ನಿಗೆ ಪುರಾಣ, ಕಾವ್ಯ, ತರ್ಕ ಎಲ್ಲವೂ ಇವೆ, ಅಷ್ಟನ್ನು ಗಳಿಸಲು ಅರ್ಧ ಆಯುಸ್ಸು ಬೇಕು. ಒಂದು ರಾತ್ರಿಯ ನಾಟಕದಲ್ಲಿ ಕಥೆಯೂ ಇಲ್ಲ, ಪಾತ್ರವೂ ಇಲ್ಲ. ಗೊತ್ತಿರುವುದು ಆಡುವ ಮನುಷ್ಯರು ಮಾತ್ರ. ಆದ್ದರಿಂದ ಅದು ಪಂಡಿತರಲ್ಲದವರಿಗೂ ತೆರೆದ ಬಾಗಿಲು. ಇಪ್ಪತ್ತು ವರ್ಷದ ಹುಡುಗಿ ಮೊದಲ ಸಲ ಬರೆಯಲು ಕೂರಬಹುದು. ಅವಳಿಗೆ ಮಹಾಭಾರತ ಬಾಯಿಪಾಠ ಇರಬೇಕಾಗಿಲ್ಲ, ಎದುರು ಕೂತು ಹೋದ ಮೂರು ಜನರನ್ನು ಗಮನವಿಟ್ಟು ನೋಡಿದ್ದರೆ ಸಾಕು.

ನಾನು ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣ ನಮ್ಮ ಹವ್ಯಾಸಿ ರಂಗಭೂಮಿಯ ಈಗಿನ ಪರಿಸ್ಥಿತಿ. ನಮ್ಮಲ್ಲಿ ನಟರಿದ್ದಾರೆ. ರಂಗಶಿಬಿರಗಳಿಂದ, ಹೆಗ್ಗೋಡಿನ ನೀನಾಸಂ ಥರದ ಶಾಲೆಗಳಿಂದ ತರಬೇತಾದ ನಿರ್ದೇಶಕರು ಜಿಲ್ಲೆ ಜಿಲ್ಲೆಯಲ್ಲಿ ಇದ್ದಾರೆ. ಸಂಜೆ ನಾಟಕ ನೋಡಲು ಬರುವ ಜನರೂ ಇದ್ದಾರೆ. ಇಲ್ಲದಿರುವುದು ಹೊಸ ನಾಟಕ. ವರ್ಷದ ನಾಟಕೋತ್ಸವಕ್ಕೆ ಏನು ಆಡೋಣ ಎಂದು ಕೂತಾಗ ಮತ್ತೆ ಅವೇ ಕೃತಿಗಳು, ಅವೇ ಅನುವಾದಗಳು ಬರುತ್ತವೆ, ಇಲ್ಲವಾದರೆ ಕಾದಂಬರಿಯೊಂದನ್ನು ರಂಗಕ್ಕೆ ಅಳವಡಿಸಿಕೊಳ್ಳುತ್ತೇವೆ. ಹಳೆಯ ನಾಟಕ ಆಡುವುದು ತಪ್ಪಲ್ಲ; ತುಘಲಕ್ಕನನ್ನು ಪ್ರತಿ ತಲೆಮಾರೂ ತನಗಾಗಿ ಆಡಿಕೊಳ್ಳಬೇಕು. ಆದರೆ ಕನ್ನಡದಲ್ಲಿ ಕವಿತೆ ಬರೆಯುವ, ಕಥೆ ಬರೆಯುವ ತರುಣ ತರುಣಿಯರು ಇಷ್ಟು ಜನ ಇರುವಾಗ ನಾಟಕ ಬರೆಯುವವರು ಯಾಕೆ ಬೆರಳೆಣಿಕೆ? ಕವಿತೆ ಬರೆದವರಿಗೆ ಪತ್ರಿಕೆ ಇದೆ, ಗೋಷ್ಠಿ ಇದೆ, ಕಥೆ ಬರೆದವರಿಗೆ ದೀಪಾವಳಿ ಸ್ಪರ್ಧೆ ಇದೆ. ನಾಟಕ ಬರೆದವರು ಹಸ್ತಪ್ರತಿ ಹಿಡಿದು ನಿರ್ದೇಶಕರ ಹಿಂದೆ ಅಲೆಯಬೇಕು. ಆಡದೆ ಉಳಿದ ನಾಟಕದಿಂದ ಬರಹಗಾರ ಏನನ್ನೂ ಕಲಿಯಲಾರ. ಯಾವ ಮಾತು ನಾಲಿಗೆಗೆ ಹತ್ತುತ್ತದೆ, ಯಾವ ಮೌನ ಜನರನ್ನು ಹಿಡಿಯುತ್ತದೆ ಎಂಬುದು ರಂಗದ ಮೇಲೆಯೇ ತಿಳಿಯಬೇಕು. ಒಂದು ರಾತ್ರಿಯ ನಾಟಕ ಆ ಪಾಠವನ್ನು ಬರೆದ ಮಾರನೆಯ ಸಂಜೆಯೇ ಕೊಡುತ್ತದೆ.

ಇದಕ್ಕೆ ಬ್ರಾಡ್‌ವೇ ಬೇಕಾಗಿಲ್ಲ. ಒಂದು ಶಾಲೆಯ ಸಭಾಂಗಣ, ತಾಲೀಮಿಗೆ ನಾಲ್ಕು ತರಗತಿ ಕೋಣೆ, ಒಂದು ಜೆರಾಕ್ಸ್ ಯಂತ್ರ, ರಾತ್ರಿಗೆ ಕಾಫಿ, ಹಗಲಿಗೆ ಊಟ. ನಾಲ್ಕು ಜನ ಬರಹಗಾರರು, ನಾಲ್ಕು ಜನ ನಿರ್ದೇಶಕರು, ಹನ್ನೆರಡು ಹದಿನಾಲ್ಕು ನಟರು ಸಿಕ್ಕರೆ ಮುಕ್ಕಾಲು ಗಂಟೆಯ ಒಂದು ಒಳ್ಳೆಯ ಸಂಜೆ ಆಗುತ್ತದೆ. ಶನಿವಾರ ರಾತ್ರಿ ಸೇರಿ ಭಾನುವಾರ ಸಂಜೆ ಆಡಬಹುದು. ತಿಂಗಳುಗಟ್ಟಲೆ ತಾಲೀಮಿಗೆ ಬರಲಾಗದ ಬ್ಯಾಂಕ್ ನೌಕರರು, ಮೇಷ್ಟರು, ಮಕ್ಕಳಿರುವ ತಾಯಂದಿರು ಒಂದು ದಿನ ಬರಬಲ್ಲರು; ಹೆಂಗಸರು ರಾತ್ರಿ ಉಳಿದು ಬರೆಯಲು ಸುರಕ್ಷಿತ ಜಾಗ, ಬೆಳಗ್ಗೆ ಮಲಗಲು ಒಂದು ಕೋಣೆ ಒದಗಿಸುವುದು ಸಂಘಟಕರ ಮೊದಲ ಹೊಣೆ. ಅಮೆರಿಕ, ಇಂಗ್ಲೆಂಡಿನ ಕನ್ನಡ ಕೂಟಗಳಿಗೆ ಇದು ಇನ್ನೂ ಹೊಂದುತ್ತದೆ. ಯುಗಾದಿ, ರಾಜ್ಯೋತ್ಸವಕ್ಕೆ ಅವರು ವಾರಾಂತ್ಯಗಳನ್ನು ಕೂಡಿಸಿ ಕಷ್ಟಪಟ್ಟು ನಾಟಕ ಸಿದ್ಧಮಾಡುತ್ತಾರೆ, ಆಡುವುದು ಮಾತ್ರ ಇಲ್ಲಿಂದ ಹೋದ ಹಳೆಯ ಹಾಸ್ಯ. ಅವರ ಊರಿನ ಹಿಮ, ಅವರ ವೀಸಾ, ಕನ್ನಡ ಅರ್ಥವಾಗಿಯೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಅವರ ಮಕ್ಕಳು ರಂಗದ ಮೇಲೆ ಬರಲು ಒಂದು ರಾತ್ರಿ ಸಾಕು.

ಮಾಡುವವರಿಗೆ ಮೂರು ಮಾತು. ರಾತ್ರಿಯ ಸಭೆಯನ್ನು ಅವಸರದಲ್ಲಿ ಮುಗಿಸಬೇಡಿ, ಪ್ರತಿಯೊಬ್ಬರಿಗೂ ಮಾತಾಡಲು ಸಮಯ ಕೊಡಿ, ಏಕೆಂದರೆ ಬರೆಯುವವರಿಗೆ ಸಿಗುವ ಸಾಮಗ್ರಿ ಅದೊಂದೇ. ಸ್ಪರ್ಧೆ ಇಡಬೇಡಿ, ಬಹುಮಾನ ಇಡಬೇಡಿ. ತೀರ್ಪುಗಾರರು ಕೂತ ಕೂಡಲೇ ಎಲ್ಲರೂ ತಮಗೆ ಗೊತ್ತಿರುವ ಸುರಕ್ಷಿತ ನಾಟಕವನ್ನೇ ಮಾಡುತ್ತಾರೆ. ಇನ್ನು, ನಾಟಕ ಮುಗಿದ ಮೇಲೆ ಆ ಹಾಳೆಗಳನ್ನು ಗ್ರೀನ್ ರೂಮಿನಲ್ಲಿ ಬಿಟ್ಟು ಹೋಗಬೇಡಿ. ದಿನಾಂಕ, ಊರು, ಬರೆದವರ ಮತ್ತು ಆಡಿದವರ ಹೆಸರು ಹಾಕಿ ಒಂದು ಕಡೆ ಜೋಡಿಸಿಡಿ. ಅವುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಆರಿಸಿ, ಬರೆದವರ ಕೈಗೇ ಮರಳಿಸಿ, ಇದನ್ನು ಒಂದು ಗಂಟೆಯ ನಾಟಕವಾಗಿ ಬೆಳೆಸಿ ಕೊಡಿ, ಮುಂದಿನ ವರ್ಷ ನಾವು ಆಡುತ್ತೇವೆ ಎಂದು ಹೇಳಿ.